ಬಣ್ಣಗಳ ಸಾಕ್ಷ್ಯ

ವಿಜಯಪುರ ನಗರದಿಂದ ಪಡುವಣಕ್ಕೆ, ತಿಕೋಟಾದ ಕಡೆಗೆ ಹೊರಟ ದಾರಿಯಲ್ಲಿ ಸ್ವಲ್ಪ ದೂರ ಸಾಗಿದರೆ ತೊರವಿ ಎಂಬ ಗ್ರಾಮ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ತನ್ನ ಹೆಸರನ್ನು ಕೊಟ್ಟ ಊರು ಇದೇ. ಈ ಊರಿನ ಸುತ್ತಮುತ್ತ ಇಂದಿಗೂ ಮುರಿದ ಕೋಟೆಗೋಡೆಗಳೂ ಛಾವಣಿಯಿಲ್ಲದ ಮಹಲುಗಳೂ ಕಾಣಸಿಗುತ್ತವೆ. ಅವು 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಕಟ್ಟಲು ತೊಡಗಿದ ನವರಸಪುರವೆಂಬ ನಗರದ ಅವಶೇಷಗಳು. ಸಂಗೀತದಲ್ಲಿಯೂ ಚಿತ್ರಕಲೆಯಲ್ಲಿಯೂ ಅಪಾರ ಆಸಕ್ತಿಯುಳ್ಳ ಈ ಸುಲ್ತಾನನು 'ನವರಸ' ಎಂಬ ಶಬ್ದಕ್ಕೆ ಮಾರುಹೋಗಿದ್ದನು. ತಾನು ರಚಿಸಿದ ಹಾಡುಗಳ ಗ್ರಂಥಕ್ಕೆ ಆ ಹೆಸರನ್ನಿಟ್ಟನು. ಹೊಸ ನಗರಕ್ಕೂ ಅದನ್ನೇ ಇಟ್ಟನು. 1624ರಲ್ಲಿ ಮಲಿಕ್ ಅಂಬರನ ಸೇನೆ ಈ ನಗರವನ್ನು ಹಾಳುಗೆಡವಿತು. ಕಾಲು ಶತಮಾನದಷ್ಟು ಮಾತ್ರ ಅದರ ಆಯುಷ್ಯ.

ಆ ಕಾಲದ ಚಿತ್ರಕಾರರ ಮನೆಗಳಾಗಲಿ, ಅವರು ಕುಳಿತು ಕೆಲಸಮಾಡಿದ ಶಾಲೆಗಳಾಗಲಿ ಇಂದು ಗುರುತು ಸಿಗುವಂತಿಲ್ಲ. ಆದರೆ ಅವರ ಕಸುಬಿಗೆ ಬೇಕಾಗಿದ್ದ ಒಂದು ವಸ್ತು ಈ ನೆಲದಲ್ಲಿ ಇನ್ನೂ ಬೆಳೆಯುತ್ತಿದೆ. ತಿಕೋಟಾ, ಬಬಲೇಶ್ವರಗಳ ಎರೆಹೊಲದ ಬದುಗಳ ಮೇಲೆ ನಿಂತಿರುವ ಜಾಲಿಯ ಮರಗಳನ್ನು ನೀವು ನೋಡಿರಬಹುದು. ತೊಗಟೆ ಸೀಳಿದಲ್ಲಿ ಅದರಿಂದ ಒಸರುವ ಅಂಟನ್ನು ಮಕ್ಕಳು ಬಿಡಿಸಿ ತಂದು, ನೀರಿನಲ್ಲಿ ನೆನೆಯಿಟ್ಟು ಕಾಗದ ಅಂಟಿಸುವುದುಂಟು. ಇಂಥ ಜಾಲಿಯ ಜಾತಿಯ ಮರಗಳ ಅಂಟನ್ನೇ ನಮ್ಮ ಹಿಂದಿನ ಚಿತ್ರಕಾರರು ಬಣ್ಣದ ಪುಡಿಯೊಡನೆ ಅರೆದು ಕಾಗದದ ಮೇಲೆ ಹಚ್ಚುತ್ತಿದ್ದರು. ಪುಡಿ ಕಾಗದವನ್ನು ಬಿಡದೆ ನಾಲ್ಕು ನೂರು ವರ್ಷ ಹಿಡಿದುಕೊಂಡಿರುವುದು ಈ ಅಂಟಿನ ಬಲದಿಂದ.

ಹಾಗಾದರೆ ಆ ಚಿತ್ರಗಳು ಎಲ್ಲಿವೆ? ಇಲ್ಲಿ ಉಳಿದಿರುವುದು ಅತ್ಯಲ್ಪ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಮೇಲೆ ಅರಮನೆಯ ಗ್ರಂಥಗಳೂ ಚಿತ್ರಗಳೂ ಕೈಯಿಂದ ಕೈಗೆ ಸಾಗಿದವು. 1570ರಲ್ಲಿ ಬಿಜಾಪುರದಲ್ಲಿ ಸಿದ್ಧವಾದ 'ನುಜೂಮ್-ಉಲ್-ಉಲೂಮ್' ಎಂಬ ಖಗೋಳ ಹಾಗೂ ಮಂತ್ರವಿದ್ಯೆಯ ಸಚಿತ್ರ ಗ್ರಂಥ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. 'ಪೇಮ್ ನೇಮ್' ಎಂಬ ದಖನಿ ಪ್ರೇಮಕಾವ್ಯದ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಬ್ರಾಹಿಂ ಆದಿಲಶಾಹನು ತಂಬೂರಿ ನುಡಿಸುತ್ತಿರುವ ಪ್ರಸಿದ್ಧ ಚಿತ್ರವನ್ನು ಕಾಣಬೇಕಾದರೆ ಪ್ರಾಗ್ ನಗರಕ್ಕೆ ಹೋಗಬೇಕು. ಆದಿಲಶಾಹಿ ವಂಶದ ಒಂಬತ್ತು ಮಂದಿ ಅರಸರನ್ನು ಒಂದೇ ಹಾಳೆಯಲ್ಲಿ ಕೂರಿಸಿದ ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯವನ್ನು ಸೇರಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಿ ಹೊರಬಂದ ವಿದ್ಯಾರ್ಥಿಗೆ ತನ್ನ ಊರಿನ ಉತ್ತಮ ಚಿತ್ರಗಳೆಲ್ಲ ಸಮುದ್ರದಾಚೆ ಇವೆಯೆಂದು ತಿಳಿದಾಗ ವಿಷಾದವಾಗುವುದು ಸಹಜ.

ಚಿತ್ರಗಳು ದೂರವಾದದ್ದಷ್ಟೇ ಅಲ್ಲ. ಅವುಗಳ ಕರ್ತೃಗಳ ಹೆಸರುಗಳೂ ಬಹುಮಟ್ಟಿಗೆ ಅಳಿಸಿಹೋಗಿವೆ. ಮೊಗಲ್ ಅರಮನೆಯಲ್ಲಿ ಗ್ರಂಥಪಾಲಕನು ಚಿತ್ರದ ಕೆಳಗಿನ ಅಂಚಿನಲ್ಲಿ ರೇಖೆ ಬರೆದವನಾರು, ಬಣ್ಣ ತುಂಬಿದವನಾರು, ಮುಖಗಳನ್ನು ತಿದ್ದಿದವನಾರು ಎಂದು ಬರೆದಿಡುವ ಪದ್ಧತಿ ಇತ್ತು. ಬಿಜಾಪುರದಲ್ಲಿ ಹೀಗೆ ಹೆಸರು ಬರೆದಿರುವುದು ವಿರಳ. ಆದ್ದರಿಂದ ವಿದ್ವಾಂಸರು ಅನೇಕ ಚಿತ್ರಕಾರರಿಗೆ ತಾವೇ ಹೆಸರಿಡಬೇಕಾಯಿತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಒಂದು ಚಿತ್ರವನ್ನು ಬರೆದವನು 'ಬಾಡ್ಲಿಯನ್ ಚಿತ್ರಕಾರ' ಎನಿಸಿದನು. ಬಿಜಾಪುರದಲ್ಲಿ ಹುಟ್ಟಿಯೋ ಬೆಳೆದೋ ಬಾಳಿದ ಕಲಾವಿದನೊಬ್ಬನು, ತಾನು ಕನಸಿನಲ್ಲಿಯೂ ಕಾಣದ ಊರಿನ ಗ್ರಂಥಾಲಯದ ಹೆಸರಿನಿಂದ ಕರೆಯಿಸಿಕೊಳ್ಳುವಂತಾಯಿತು!

ಇನ್ನೊಂದು ತೊಡಕು ಇದೆ. ಆ ಕಾಲದ ಚಿತ್ರಶಾಲೆ ಒಂದು ದೊಡ್ಡ ಮನೆತನದಂತೆ ನಡೆಯುತ್ತಿತ್ತು. ಗುರು, ಅವನ ಮಕ್ಕಳು, ಶಿಷ್ಯರು, ಬಣ್ಣ ಅರೆಯುವ ಹುಡುಗರು ಎಲ್ಲರೂ ಒಂದೇ ಚಾವಡಿಯಲ್ಲಿ ಕುಳಿತು ದುಡಿಯುತ್ತಿದ್ದರು. ಗುರುವಿನ ರೇಖೆಯನ್ನು ಶಿಷ್ಯನು ನೂರು ಸಲ ತಿದ್ದಿ ಕಲಿಯಬೇಕಾಗಿತ್ತು. ಚೆನ್ನಾಗಿ ಕಲಿತ ಶಿಷ್ಯನ ಕೈ ಗುರುವಿನ ಕೈಯಂತೆಯೇ ಓಡುವುದು. ಮೇಲಾಗಿ, ಒಳ್ಳೆಯ ಚಿತ್ರದ ಆಕೃತಿಯನ್ನು ತೆಳುವಾದ ಜಿಂಕೆಯ ಚರ್ಮದ ಮೇಲೆ ಇಳಿಸಿಕೊಂಡು, ರೇಖೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಇದ್ದಲಿನ ಪುಡಿಯನ್ನು ತಟ್ಟಿದರೆ ಕೆಳಗಿನ ಕಾಗದದ ಮೇಲೆ ಚುಕ್ಕಿಗಳ ರೂಪದಲ್ಲಿ ಅದೇ ಆಕೃತಿ ಮೂಡುತ್ತಿತ್ತು. ಇದನ್ನು 'ಚರ್ಬಾ' ಎನ್ನುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ತೂತಿನ ಡಬ್ಬಿಯಿಂದ ಅಂಗಳದಲ್ಲಿ ರಂಗೋಲಿಯ ಅಚ್ಚು ಹಾಕುವುದೂ ಹೆಚ್ಚುಕಡಿಮೆ ಇದೇ ಕ್ರಮ. ಒಂದು ಚರ್ಬಾ ಮೂರು ತಲೆಮಾರುಗಳವರೆಗೆ ಒಂದೇ ಮನೆತನದಲ್ಲಿ ಬಾಳಬಹುದು. ಹೀಗಿರುವಾಗ ಇದು ಗುರುವಿನ ಕೃತಿ, ಇದು ಶಿಷ್ಯನದು, ಇದು ಬಹುಕಾಲದ ಅನಂತರ ಯಾರೋ ಮಾಡಿದ ನಕಲು ಎಂದು ವಿಂಗಡಿಸುವುದು ಹೇಗೆ?

ಈ ಪ್ರಶ್ನೆ ಬಿಜಾಪುರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಇಟಲಿಯ ನವೋದಯ ಕಾಲದ ಮಹಾಕಲಾವಿದ ಲಿಯೊನಾರ್ಡೊ ಡ ವಿಂಚಿಯ ಶಿಷ್ಯರ ವಿಷಯದಲ್ಲಿಯೂ ಇದೇ ಪ್ರಶ್ನೆ ನೂರಾರು ವರ್ಷಗಳಿಂದ ವಿದ್ವಾಂಸರನ್ನು ಕಾಡಿದೆ. ಮಿಲಾನ್ ನಗರದಲ್ಲಿ ಅವನ ಸುತ್ತ ಬೋಲ್ಟ್ರಾಫಿಯೊ, ಮಾರ್ಕೊ ದೊಜಿಯೊನೊ, ಸಲಾಯಿ ಮೊದಲಾದ ಶಿಷ್ಯರಿದ್ದರು. ಮೆಲ್ಜಿ ಎಂಬ ಶಿಷ್ಯನು ಗುರುವಿನ ಕೊನೆಯ ದಿನಗಳವರೆಗೂ ಜೊತೆಯಲ್ಲಿದ್ದು ಅವನ ಹಸ್ತಪ್ರತಿಗಳಿಗೆ ಹಕ್ಕುದಾರನಾದನು. ಲಿಯೊನಾರ್ಡೊ ಪೂರ್ಣಗೊಳಿಸಿದ ಚಿತ್ರಗಳು ಬಹಳ ಕಡಿಮೆ. ಶಿಷ್ಯರು ಹಾಗೂ ಅನುಯಾಯಿಗಳು ಅವನ ಶೈಲಿಯಲ್ಲಿ ಬರೆದವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗುರುವಿನದೆಂದು ಸಾಬೀತಾದ ಚಿತ್ರಕ್ಕೆ ಕೋಟಿಗಟ್ಟಲೆ ಬೆಲೆ. ಶಿಷ್ಯನದೆಂದರೆ ಬೆಲೆ ಪಾತಾಳಕ್ಕೆ ಇಳಿಯುವುದು. ವಸ್ತು ಅದೇ, ಸೌಂದರ್ಯ ಅದೇ. ಹೆಸರು ಬದಲಾದೊಡನೆ ಜನರ ಕಣ್ಣು ಬದಲಾಗುವುದು ವಿಚಿತ್ರವಾದರೂ ನಿಜ.

ಹಿಂದೆ ಇಂಥ ತೀರ್ಪನ್ನು ಕಣ್ಣಿನ ಅನುಭವದಿಂದಲೇ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜೊವಾನಿ ಮೊರೆಲ್ಲಿ ಎಂಬ ಇಟಲಿಯ ವಿದ್ವಾಂಸನು ಒಂದು ಜಾಣ ಮಾರ್ಗವನ್ನು ಸೂಚಿಸಿದನು. ಮುಖ, ಭಂಗಿ, ಉಡುಗೆಗಳನ್ನು ನಕಲುಗಾರನು ಎಚ್ಚರದಿಂದ ಅನುಕರಿಸುತ್ತಾನೆ. ಆದರೆ ಕಿವಿಯ ಹಾಲೆ, ಬೆರಳಿನ ಉಗುರು ಮುಂತಾದ ಗಮನಕ್ಕೆ ಬಾರದ ಭಾಗಗಳನ್ನು ತನ್ನ ಅಭ್ಯಾಸಬಲದಿಂದ ಬರೆದುಬಿಡುತ್ತಾನೆ. ಆದ್ದರಿಂದ ಕಿವಿ ಉಗುರುಗಳನ್ನು ನೋಡಿ ಕೈಯನ್ನು ಗುರುತಿಸಬೇಕೆಂಬುದು ಅವನ ವಾದ. 'ಪೇಮ್ ನೇಮ್' ಕಾವ್ಯದ 34 ಚಿತ್ರಗಳನ್ನು ಬರೆದವರು ಒಬ್ಬರಲ್ಲ, ಮೂವರು ಎಂದು ಇತ್ತೀಚಿನ ವಿದ್ವಾಂಸರು ವಿಂಗಡಿಸಿದುದೂ ಇಂಥ ಸೂಕ್ಷ್ಮ ವೀಕ್ಷಣೆಯಿಂದಲೇ. ಆದರೆ ಕಣ್ಣಿಗೆ ಕಾಣುವುದು ಚಿತ್ರದ ಮೇಲ್ಮೈ ಮಾತ್ರ. ಚಿತ್ರದ ಇತಿಹಾಸವಾದರೋ ಬಹುಪಾಲು ಅದರ ಒಳಪದರಗಳಲ್ಲಿ ಅಡಗಿರುತ್ತದೆ. ಅಲ್ಲಿಗೆ ಹೋಗಲು ವಿಜ್ಞಾನದ ನೆರವು ಬೇಕು.

ನಮ್ಮ ಕಣ್ಣಿಗೆ ಕಾಣುವ ಬೆಳಕು ನೇರಳೆಯಿಂದ ಕೆಂಪಿನವರೆಗೆ ಹರಡಿರುವುದನ್ನು ನೀವು ವಿಜ್ಞಾನದ ಪಾಠಗಳಲ್ಲಿ ಓದಿದ್ದೀರಿ. ಕೆಂಪಿನಿಂದಾಚೆಗೆ ಅವಕೆಂಪು ಕಿರಣಗಳಿವೆ. ನೇರಳೆಯಿಂದೀಚೆಗೆ ನೇರಳಾತೀತ ಕಿರಣಗಳೂ, ಅವನ್ನೂ ಮೀರಿ ಕ್ಷ-ಕಿರಣಗಳೂ ಇವೆ. ಇವುಗಳಲ್ಲಿ ಒಂದೊಂದೂ ಚಿತ್ರದೊಡನೆ ಒಂದೊಂದು ಬಗೆಯಾಗಿ ವರ್ತಿಸುತ್ತದೆ. ಅವಕೆಂಪು ಕಿರಣಗಳು ಅನೇಕ ಬಣ್ಣಗಳನ್ನು ಗಾಜಿನಂತೆ ತೂರಿ ಒಳಕ್ಕೆ ಹೋಗುತ್ತವೆ. ಆದರೆ ಇದ್ದಲು, ಕಾಡಿಗೆಗಳಲ್ಲಿರುವ ಇಂಗಾಲ ಮಾತ್ರ ಅವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅವಕೆಂಪು ಕಿರಣಗಳನ್ನು ಗ್ರಹಿಸುವ ಕ್ಯಾಮರಾ ಮೂಲಕ ನೋಡಿದಾಗ ಮೇಲಿನ ಬಣ್ಣ ಕರಗಿದಂತಾಗಿ, ಕಲಾವಿದನು ಮೊಟ್ಟಮೊದಲು ಇದ್ದಲಿನಿಂದಲೋ ಮಸಿಯಿಂದಲೋ ಎಳೆದ ರೇಖೆಗಳು ಎದ್ದು ಕಾಣುತ್ತವೆ. 1960ರ ದಶಕದಲ್ಲಿ ಹಾಲೆಂಡಿನಲ್ಲಿ ಬೆಳೆದ ಈ ವಿಧಾನ ಕಲೆಯ ಇತಿಹಾಸದಲ್ಲಿ ಒಂದು ಹೊಸ ಕಿಟಕಿಯನ್ನೇ ತೆರೆಯಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಲಿಯೊನಾರ್ಡೊನ 'ಬಂಡೆಗಳ ನಡುವಿನ ಕನ್ಯೆ' ಎಂಬ ಚಿತ್ರದ ಅಡಿಯಲ್ಲಿ ಬೇರೊಂದು ಭಂಗಿಯ ಸ್ತ್ರೀಯ ರೇಖಾಚಿತ್ರ ಅಡಗಿರುವುದು 2005ರಲ್ಲಿ ಬೆಳಕಿಗೆ ಬಂದುದು ಹೀಗೆಯೇ.

ಇಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿ 'ಮೋನಾ ಲಿಸಾ' ಚಿತ್ರದ ಒಂದು ನಕಲು ಬಹುಕಾಲದಿಂದ ಇತ್ತು. ಸುಂದರಿಯ ಹಿಂದೆ ಬೆಟ್ಟ ನದಿಗಳ ಬದಲು ಬರೀ ಕಪ್ಪು ಬಣ್ಣ. ಯಾರೋ ಪರದೇಶದ ಚಿತ್ರಕಾರನು ಎಷ್ಟೋ ಕಾಲದ ಮೇಲೆ ಮಾಡಿದ ಸಾಧಾರಣ ನಕಲೆಂದು ಅದನ್ನು ಯಾರೂ ಲಕ್ಷಿಸಿರಲಿಲ್ಲ. ಪ್ಯಾರಿಸ್ಸಿನ ಪ್ರದರ್ಶನವೊಂದಕ್ಕೆ ಕಳುಹಿಸುವ ಮುನ್ನ ಅದನ್ನು ಪರೀಕ್ಷೆಗೆ ಒಳಪಡಿಸಿದರು. ಕಪ್ಪು ಬಣ್ಣ ಮೂಲದ್ದಲ್ಲ, ಹದಿನೆಂಟನೆಯ ಶತಮಾನದಲ್ಲಿ ಮೇಲೆ ಬಳಿದದ್ದು ಎಂದು ತಿಳಿಯಿತು. ಅದನ್ನು ತೆಗೆದೊಡನೆ ಅಡಿಯಲ್ಲಿ ಬೆಟ್ಟ ನದಿಗಳ ದೃಶ್ಯ ಸುರಕ್ಷಿತವಾಗಿ ಕಂಡಿತು. ಚಿತ್ರವನ್ನು ಬರೆದ ಹಲಗೆ ಅಕ್ರೋಟಿನ ಮರದ್ದು. ಮಿಲಾನಿನಲ್ಲಿ ಲಿಯೊನಾರ್ಡೊ ಹಾಗೂ ಅವನ ಶಿಷ್ಯರು ಬಳಸುತ್ತಿದ್ದ ಮರವೂ ಅದೇ. ಆದರೆ ನಿಜವಾದ ಆಶ್ಚರ್ಯ ಒಳಗಡೆ ಕಾದಿತ್ತು. ಪ್ಯಾರಿಸ್ಸಿನ ಮೂಲಚಿತ್ರದಲ್ಲಿ ಲಿಯೊನಾರ್ಡೊ ಬರೆಯುತ್ತ ಬರೆಯುತ್ತ ಕೆಲವೆಡೆ ಮನಸ್ಸು ಬದಲಾಯಿಸಿ ರೇಖೆಗಳನ್ನು ತಿದ್ದಿದ್ದನು. ಈ ತಿದ್ದುಪಡಿಗಳು ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿವೆ. ಮ್ಯಾಡ್ರಿಡ್ಡಿನ ನಕಲಿನಲ್ಲಿಯೂ ಅವೇ ತಿದ್ದುಪಡಿಗಳು ಬಣ್ಣದ ಅಡಿಯಲ್ಲಿ ಇದ್ದವು!

ಇದರ ಅರ್ಥವೇನು? ಮುಗಿದ ಚಿತ್ರವನ್ನು ಮುಂದಿಟ್ಟುಕೊಂಡು ನಕಲು ಮಾಡುವವನಿಗೆ ಮೇಲಿನ ರೂಪ ಮಾತ್ರ ಕಾಣುತ್ತದೆ. ಗುರು ಎಲ್ಲಿ ತಡವರಿಸಿದನು, ಎಲ್ಲಿ ತಿದ್ದಿದನು ಎಂಬುದು ಅವನಿಗೆ ತಿಳಿಯುವಂತಿಲ್ಲ. ಒಂದು ಲೆಕ್ಕವನ್ನು ನೋಡಿ ಬರೆದ ಹುಡುಗನ ಪುಸ್ತಕದಲ್ಲಿ ಸರಿಯುತ್ತರ ಮಾತ್ರ ಇರುತ್ತದೆ, ಹೊಡೆದುಹಾಕಿದ ಹೆಜ್ಜೆಗಳಿರುವುದಿಲ್ಲ. ಇಬ್ಬರ ಪುಸ್ತಕದಲ್ಲಿಯೂ ಅದೇ ಜಾಗದಲ್ಲಿ ಅದೇ ಹೆಜ್ಜೆ ಹೊಡೆದುಹಾಕಿದ್ದರೆ ಇಬ್ಬರೂ ಅಕ್ಕಪಕ್ಕ ಕುಳಿತು ಏಕಕಾಲದಲ್ಲಿ ಬಿಡಿಸಿದರೆಂದೇ ಹೇಳಬೇಕು. ಹಾಗೆಯೇ, ಗುರುವು ತನ್ನ ಚಿತ್ರವನ್ನು ತಿದ್ದಿದಾಗಲೆಲ್ಲ ಪಕ್ಕದಲ್ಲಿ ಕುಳಿತ ಶಿಷ್ಯನೂ ತನ್ನದನ್ನು ತಿದ್ದಿದ್ದಾನೆ. 2012ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಾಗ, ನೂರಾರು ವರ್ಷ ಮೂಲೆಗುಂಪಾಗಿದ್ದ ಚಿತ್ರ ಒಮ್ಮೆಲೇ ಲೋಕಪ್ರಸಿದ್ಧವಾಯಿತು. ಆ ಶಿಷ್ಯ ಯಾರೆಂಬುದು ಇನ್ನೂ ನಿರ್ಧಾರವಾಗಿಲ್ಲ. ಯಂತ್ರಗಳು ಅವನನ್ನು ಗುರುವಿನ ಪಕ್ಕದಲ್ಲಿ ಕೂರಿಸಿದವು. ಅವನ ಹೆಸರನ್ನು ಮಾತ್ರ ಹೇಳಲಾರದೆ ಹೋದವು.

ಕ್ಷ-ಕಿರಣಗಳ ಕೆಲಸ ಬೇರೆ ಬಗೆಯದು. ಒಂದು ಬಣ್ಣದ ಮೇಲೆ ಕ್ಷ-ಕಿರಣಗಳನ್ನು ಬೀರಿದರೆ ಅದರಲ್ಲಿರುವ ಧಾತುಗಳು ಪ್ರಚೋದನೆಗೊಂಡು ತಮಗೇ ವಿಶಿಷ್ಟವಾದ ಕ್ಷ-ಕಿರಣಗಳನ್ನು ಹೊರಸೂಸುತ್ತವೆ. ಅವನ್ನು ಅಳೆದು ಧಾತುವನ್ನು ಗುರುತಿಸಬಹುದು. ಕೆಂಪಿನಲ್ಲಿ ಪಾದರಸ ಕಂಡರೆ ಅದು ಇಂಗಳಿಕ. ಕಬ್ಬಿಣ ಕಂಡರೆ ನಮ್ಮ ಗೋಡೆಗಳಿಗೆ ಬಳಿಯುವ ಕೆಮ್ಮಣ್ಣಿನ ಜಾತಿಯದು. ಹಳದಿಯಲ್ಲಿ ಶಂಖಪಾಷಾಣದ ಧಾತು ಕಂಡರೆ ಅದು ಹರಿದಳ. ಬಿಳಿಯಲ್ಲಿ ಸೀಸ ಕಂಡರೆ ಸಫೇದ. ಹಸಿರಿನಲ್ಲಿ ತಾಮ್ರ ಕಂಡರೆ ಅದು ತಾಮ್ರದ ಕಿಲುಬಿನಿಂದ ಮಾಡಿದ್ದು. ಈ ಹಸಿರು ಕಾಲಕ್ರಮದಲ್ಲಿ ಕಾಗದವನ್ನೇ ಸುಟ್ಟು ತಿಂದುಬಿಡುವುದರಿಂದ ಹಳೆಯ ಚಿತ್ರಗಳಲ್ಲಿ ಹುಲ್ಲು ಮರಗಳಿದ್ದ ಕಡೆ ತೂತುಗಳು ಬಿದ್ದಿರುವುದುಂಟು. ಈ ವಿಧಾನದಲ್ಲಿ ಚಿತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಲೂವ್ರ್ ಸಂಗ್ರಹಾಲಯಕ್ಕೇ ಯಂತ್ರವನ್ನು ಒಯ್ದು ಲಿಯೊನಾರ್ಡೊನ ಏಳು ಚಿತ್ರಗಳ ಮುಖಗಳನ್ನು ಹೀಗೆ ಅಳೆದರು. ಅವನು ಹೊಗೆಯಂತೆ ನೆರಳನ್ನು ಬೆಳಕಿನಲ್ಲಿ ಕರಗಿಸುತ್ತಿದ್ದ ರೀತಿ ಶಿಷ್ಯರೆಲ್ಲ ಕಲಿಯಲು ಹೆಣಗಿದ ವಿದ್ಯೆ. ಆ ನೆರಳು ಹಲವಾರು ಪಾರದರ್ಶಕ ಪದರಗಳಿಂದಾದದ್ದೆಂದೂ, ಎಲ್ಲ ಪದರಗಳನ್ನು ಕೂಡಿಸಿದರೂ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂವತ್ತು ನಲವತ್ತು ಪಾಲನ್ನು ಮೀರದೆಂದೂ ತಿಳಿದುಬಂದಿತು. ತಲೆಗೂದಲಿನ ದಪ್ಪದ ಅರ್ಧದಷ್ಟು! ಕೆಲವೊಮ್ಮೆ ಅವನು ಕುಂಚವನ್ನು ಬದಿಗಿಟ್ಟು ಬೆರಳಿನಿಂದಲೇ ಬಣ್ಣವನ್ನು ಸವರುತ್ತಿದ್ದನು. ವಾಷಿಂಗ್ಟನ್ನಿನಲ್ಲಿರುವ ಅವನ ಚಿತ್ರವೊಂದರಲ್ಲಿ ಬೆರಳಚ್ಚು ಇಂದಿಗೂ ಉಳಿದಿದೆ.

ಕ್ಷ-ಕಿರಣಗಳ ಈ ವಿಧಾನಕ್ಕೆ ಒಂದು ಮಿತಿಯುಂಟು. ನೀಲಿಗಿಡದಿಂದ ತೆಗೆದ ನೀಲಿ, ಅರಗಿನ ಕೆಂಪು ಮುಂತಾದ ಸಸ್ಯ ಹಾಗೂ ಕೀಟಜನ್ಯ ಬಣ್ಣಗಳಲ್ಲಿ ಇಂಗಾಲ, ಜಲಜನಕಗಳಂಥ ಹಗುರ ಧಾತುಗಳೇ ಇರುವುದರಿಂದ ಅವು ಅದರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ನೆರವಿಗೆ ಬರುವುದು ನಮ್ಮ ದೇಶದಲ್ಲಿಯೇ ಕಂಡುಹಿಡಿದ ಒಂದು ತತ್ತ್ವ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು, ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿದಾಗ ಚದುರಿ ಬರುವ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಾಯಿಸಿಕೊಂಡಿರುತ್ತದೆಂದು ತೋರಿಸಿದರು. ಈ ಬದಲಾವಣೆಯ ಪ್ರಮಾಣ ಆ ವಸ್ತುವಿನ ಅಣುಗಳ ರಚನೆಯನ್ನು ಅವಲಂಬಿಸಿದೆ. ಆದ್ದರಿಂದ ಅದು ಅಣುವಿನ ಬೆರಳಚ್ಚು ಇದ್ದಂತೆ. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದು, ಜೀವನದ ಉಳಿದ ಕಾಲವನ್ನು ಆ ನಗರದಲ್ಲಿಯೇ ಕಳೆದರು. ಅವರ ಕಾಲದಲ್ಲಿ ಈ ದುರ್ಬಲವಾದ ಬೆಳಕನ್ನು ಹಿಡಿಯಲು ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ, ಸೂಕ್ಷ್ಮದರ್ಶಕಕ್ಕೆ ಅದನ್ನು ಜೋಡಿಸಿ, ಧೂಳಿನ ಕಣದಷ್ಟು ಬಣ್ಣವನ್ನೂ ಗುರುತಿಸುವ ಉಪಕರಣಗಳು ತಯಾರಾದವು. ಆಫ್ಘಾನಿಸ್ಥಾನದ ಬದಖ್ಶಾನ್ ಬೆಟ್ಟಗಳಿಂದ ಬರುತ್ತಿದ್ದ ಲಾಜವರ್ದ ಕಲ್ಲಿನ ನೀಲಿಯೋ, ನಮ್ಮ ಹೊಲದ ನೀಲಿಗಿಡದ ನೀಲಿಯೋ ಎಂದು ಇಂದು ಕ್ಷಣಮಾತ್ರದಲ್ಲಿ ಹೇಳಬಹುದು. ರಾಮನ್ ಅವರಿಗೆ ಬಣ್ಣಗಳ ವಿಷಯದಲ್ಲಿ ಬಾಳಿನುದ್ದಕ್ಕೂ ಮುಗಿಯದ ಕುತೂಹಲವಿತ್ತು. ಅವರ ಹೆಸರು ಚಿತ್ರಶಾಲೆಗಳಲ್ಲಿ ಹೀಗೆ ಉಳಿದಿರುವುದು ಉಚಿತವೇ ಆಗಿದೆ.

ನೇರಳಾತೀತ ಕಿರಣಗಳ ಉಪಯೋಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕತ್ತಲೆಯ ಕೋಣೆಯಲ್ಲಿ ಅವನ್ನು ಬೀರಿದಾಗ ಕೆಲವು ಬಣ್ಣಗಳು ತಾವೇ ಹೊಳೆಯುತ್ತವೆ. ಮಾವಿನ ಎಲೆಗಳನ್ನು ಮಾತ್ರ ತಿನ್ನಿಸಿದ ಹಸುಗಳ ಗಂಜಲದಿಂದ ತೆಗೆಯುತ್ತಿದ್ದ 'ಪಿಯೂರಿ' ಎಂಬ ಹಳದಿ ಹೀಗೆ ಉಜ್ವಲವಾಗಿ ಹೊಳೆಯುತ್ತದೆ. 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿಯವರು ಬಿಹಾರದ ಮುಂಗೇರ್ ಬಳಿಯ ಹಳ್ಳಿಯಲ್ಲಿ ಇದರ ತಯಾರಿಕೆಯನ್ನು ಕಂಡು ವರದಿ ಮಾಡಿದ್ದರು. ಬೇರೆ ಮೇವಿಲ್ಲದೆ ಹಸುಗಳು ಸೊರಗುತ್ತಿದ್ದುವಂತೆ. ಬಣ್ಣದ ಚೆಲುವಿನ ಹಿಂದೆ ಇಂಥ ಸಂಗತಿಗಳೂ ಇರುತ್ತವೆ.

ಬಣ್ಣದ ಗುರುತು ಸಿಕ್ಕರೆ ಕಾಲದ ಗುರುತೂ ಸಿಗಬಹುದು. 'ಪ್ರಷ್ಯನ್ ನೀಲಿ' ಎಂಬ ಬಣ್ಣವನ್ನು ಬರ್ಲಿನ್ನಿನಲ್ಲಿ ಹದಿನೆಂಟನೆಯ ಶತಮಾನದ ಆದಿಯಲ್ಲಿ ಕಂಡುಹಿಡಿದರು. 1600ರ ಸುಮಾರಿನದೆಂದು ಮಾರಾಟಕ್ಕೆ ಬಂದ ಬಿಜಾಪುರದ ಚಿತ್ರದಲ್ಲಿ ಆ ನೀಲಿ ಕಂಡರೆ ಸಂಶಯಪಡಲೇಬೇಕು. ಆದರೆ ಅಷ್ಟರಿಂದಲೇ ಚಿತ್ರ ಸುಳ್ಳೆಂದು ತೀರ್ಮಾನಿಸುವುದು ಆತುರವಾದೀತು. ಉದುರಿದ ಬಣ್ಣದ ಜಾಗಕ್ಕೆ ಅನಂತರ ಯಾರಾದರೂ ತೇಪೆ ಹಾಕಿರಬಹುದು. ಆ ನೀಲಿ ಮೇಲಿನ ತೇಪೆಯಲ್ಲಿದೆಯೋ, ಮೂಲದ ಕೆಳಪದರದಲ್ಲಿದೆಯೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು.

ಈಗ ಬಿಜಾಪುರದ ಅತ್ಯಂತ ಕುತೂಹಲಕರವಾದ ಪ್ರಶ್ನೆಗೆ ಬರೋಣ. ಅಕ್ಬರನ ಆಸ್ಥಾನದಲ್ಲಿ ಫರ್ರುಖ್ ಬೇಗ್ ಎಂಬ ಪರ್ಷಿಯಾ ಮೂಲದ ಚಿತ್ರಕಾರನಿದ್ದನು. 1585ರಲ್ಲಿ ಕಾಬೂಲಿನಿಂದ ಬಂದು ಅಕ್ಬರನ ಸೇವೆಗೆ ಸೇರಿದ ಈತನು ಕೆಲವು ವರ್ಷಗಳ ಮೇಲೆ ಅಲ್ಲಿನ ದಾಖಲೆಗಳಿಂದ ಮರೆಯಾಗುತ್ತಾನೆ. 1609ರ ಹೊತ್ತಿಗೆ ಜಹಾಂಗೀರನ ಆಸ್ಥಾನದಲ್ಲಿ ಮತ್ತೆ ಕಾಣಿಸಿಕೊಂಡು ಎರಡು ಸಾವಿರ ರೂಪಾಯಿ ಬಹುಮಾನ ಪಡೆಯುತ್ತಾನೆ. ನಡುವಣ ಕಾಲದಲ್ಲಿ ಎಲ್ಲಿದ್ದನು? ಅದೇ ಕಾಲದಲ್ಲಿ ಬಿಜಾಪುರದ ಆಸ್ಥಾನಕವಿ ಜುಹೂರಿ, ಇಬ್ರಾಹಿಮನ ಬಳಿಯಿದ್ದ ಫರ್ರುಖ್ ಹುಸೇನ್ ಎಂಬ ಚಿತ್ರಕಾರನನ್ನು ಹೊಗಳಿದ್ದಾನೆ. ಇಬ್ಬರೂ ಒಬ್ಬನೇ ಎಂದು ರಾಬರ್ಟ್ ಸ್ಕೆಲ್ಟನ್ ಎಂಬ ಆಂಗ್ಲ ವಿದ್ವಾಂಸರು 1957ರಲ್ಲಿ ವಾದಿಸಿದರು. ಪ್ರಾಗ್ ನಗರದ ತಂಬೂರಿಯ ಚಿತ್ರದ ಮೇಲೆ ಜಹಾಂಗೀರನ ಲಿಪಿಕಾರನು ಅದು ಫರ್ರುಖ್ ಬೇಗನ ಕೃತಿಯೆಂದು ಬರೆದಿರುವುದು ಈ ವಾದಕ್ಕೆ ಬಲವನ್ನು ಕೊಟ್ಟಿತು. 1615ರ ಮತ್ತೊಂದು ಚಿತ್ರದಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಬರೆದದ್ದೆಂಬ ಮಾತಿದೆ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಎಪ್ಪತ್ತು ಹಿಜರಿ ವರ್ಷವೆಂದರೆ ಸುಮಾರು 68 ಸೌರವರ್ಷ. ಹಾಗೆ ಲೆಕ್ಕ ಹಾಕಿದರೆ ಅವನು 1547ರ ಸುಮಾರಿಗೆ ಹುಟ್ಟಿರಬೇಕು. ಬಿಜಾಪುರಕ್ಕೆ ಬಂದಾಗ ಅವನು ಐವತ್ತರ ಆಸುಪಾಸಿನ ಪಳಗಿದ ಕೈ.

ಆ 1615ರ ಚಿತ್ರ ಇನ್ನೊಂದು ಕಾರಣಕ್ಕೂ ಗಮನಾರ್ಹ. ತಲೆಯನ್ನು ಕೈಗೆ ಆನಿಸಿ ಕುಳಿತ ಮುದುಕನ ಆ ಭಂಗಿಯನ್ನು ಅವನು ಮಾರ್ಟೆನ್ ಡಿ ವೋಸ್ ಎಂಬ ಫ್ಲೆಮಿಶ್ ಕಲಾವಿದನ ಕೃತಿಯನ್ನು ಆಧರಿಸಿದ ತಾಮ್ರಪಟದ ಅಚ್ಚಿನಿಂದ ತೆಗೆದುಕೊಂಡಿದ್ದಾನೆ. ಯುರೋಪಿನ ಕಾಗದಗಳು ಅಷ್ಟು ದೂರ ಸಾಗಿ ಬರುತ್ತಿದ್ದವು. ಕಾಗದಗಳಷ್ಟೇ ಅಲ್ಲ, ಮನುಷ್ಯರೂ ಬಂದರು. ಪ್ರಾಗ್‌ನಲ್ಲಿ ರುಡಾಲ್ಫ್ ಚಕ್ರವರ್ತಿಯ ಬಳಿಯಿದ್ದ ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್‌ಜೂನ್ ಹೆಡಾ ಎಂಬ ಚಿತ್ರಕಾರನು 1610ರ ಸುಮಾರಿಗೆ ಬಿಜಾಪುರವನ್ನು ಸೇರಿ ಇಬ್ರಾಹಿಮನ ಆಶ್ರಯದಲ್ಲಿಯೇ ಉಳಿದನು. ನವೋದಯದ ಕಲಾಪರಂಪರೆಯಲ್ಲಿ ಬೆಳೆದ ಕೈಯೊಂದು ನಮ್ಮ ಈ ನಗರದಲ್ಲಿ ಬಣ್ಣ ಅರೆದಿದೆಯೆಂದಾಯಿತು. ಹೆಡಾ ಅಭ್ಯಾಸಮಾಡಿದ್ದು ಎಣ್ಣೆಯಲ್ಲಿ ಕಲಸಿದ ಬಣ್ಣ. ಇಲ್ಲಿಯವರದು ಅಂಟಿನಲ್ಲಿ ಕಲಸಿದ ಬಣ್ಣ. ಎಣ್ಣೆ ಯಾವುದು, ಅಂಟು ಯಾವುದು ಎಂಬುದನ್ನು ಸಾಸಿವೆಗಿಂತ ಚಿಕ್ಕ ತುಣುಕಿನಿಂದಲೂ ರಸಾಯನವಿಜ್ಞಾನಿ ಹೇಳಬಲ್ಲನು.

ಫರ್ರುಖ್ ಬೇಗನ ವಿಷಯದಲ್ಲಿ ಪ್ರಯೋಗಶಾಲೆ ಏನನ್ನು ಹೇಳಬಲ್ಲದು? ಅಕ್ಬರನಿಗಾಗಿ ಅವನು ಬರೆದ ಚಿತ್ರಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ 'ಅಕ್ಬರನಾಮಾ' ಗ್ರಂಥದಲ್ಲಿವೆ. ಅವುಗಳ ಅಡಿರೇಖೆಯನ್ನೂ ಬಿಜಾಪುರದ ಚಿತ್ರಗಳ ಅಡಿರೇಖೆಯನ್ನೂ ಎದುರುಬದುರು ಇಟ್ಟು ಹೋಲಿಸಬಹುದು. ಕೇವಲ ಬಣ್ಣಗಳನ್ನು ಹೋಲಿಸಿದರೆ ಸಾಲದು. ಏಕೆಂದರೆ ಚಿತ್ರಕಾರನು ಬಣ್ಣವನ್ನು ತಾನಿರುವ ಊರಿನ ಪೇಟೆಯಲ್ಲಿ ಕೊಳ್ಳುತ್ತಾನೆ. ಊರು ಬದಲಾದರೆ ಬಣ್ಣ ಬದಲಾಗುವುದು, ಕೈ ಬದಲಾಗದು. ಇದಕ್ಕೆ ವಿರುದ್ಧವಾಗಿ ಒಂದೇ ಚಿತ್ರಶಾಲೆಯ ಗುರುಶಿಷ್ಯರ ಬಣ್ಣದ ಬಟ್ಟಲು ಒಂದೇ ಆಗಿದ್ದು, ಕೈ ಮಾತ್ರ ಬೇರೆಯಾಗಿರುತ್ತದೆ. ಅಡಿರೇಖೆಯಲ್ಲಿ ಚುಕ್ಕಿಗಳ ಸಾಲು ಕಂಡರೆ ಚರ್ಬಾದಿಂದ ತೆಗೆದದ್ದೆಂದು ಗೊತ್ತಾಗುವುದು; ಆದರೆ ಗುರುವೂ ತನ್ನದೇ ಚರ್ಬಾವನ್ನು ಮತ್ತೆ ಬಳಸಿರಬಹುದಲ್ಲ? ಅಡಿರೇಖೆಯನ್ನು ಕಾವಿಯಿಂದ ಎಳೆದಿದ್ದರಂತೂ ಅವಕೆಂಪಿನ ಕ್ಯಾಮರಾಕ್ಕೆ ಏನೂ ಕಾಣದೆ ಹೋಗಬಹುದು. ನ್ಯೂಯಾರ್ಕಿನಲ್ಲಿರುವ ಒಂಬತ್ತು ಅರಸರ ಚಿತ್ರಕ್ಕೆ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬ ಇಬ್ಬರ ಹೆಸರುಗಳಿವೆ. ಹೆಸರು ಇದ್ದೂ ಪ್ರಶ್ನೆ ಉಳಿಯುತ್ತದೆ: ಕೊನೆಯ ಅರಸ ಬಾಲಕ ಸಿಕಂದರನ ಮುಖವನ್ನು ಬರೆದವರು ಇವರಲ್ಲಿ ಯಾರು? ಹೀಗೆ ಯಂತ್ರ ಕೊಡುವ ಸಾಕ್ಷ್ಯವನ್ನು ಶಾಸನ, ಕಾವ್ಯ, ಶೈಲಿ ಇವುಗಳ ಸಾಕ್ಷ್ಯದೊಡನೆ ಇಟ್ಟು ತೂಗಬೇಕಾಗುತ್ತದೆ. ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಲು ನ್ಯಾಯಾಧೀಶರು ಹಿಂಜರಿಯುವಂತೆ ಇಲ್ಲಿಯೂ ಹಿಂಜರಿಕೆ ಒಳ್ಳೆಯದು.

ಸಮುದ್ರದಾಚೆಯ ಕಾಗದಗಳಿಗೆ ತಂಪಾದ ಕೋಣೆಗಳಿವೆ, ಕಾವಲಿದೆ. ಇಲ್ಲಿ ಗೋಡೆಗಳ ಮೇಲೆ ಉಳಿದಿರುವ ಚಿತ್ರಗಳ ಗತಿ ಬೇರೆ. ಜಾಮಿಯಾ ಮಸೀದಿಯ ಮಿಹ್ರಾಬಿನಲ್ಲಿ 1636ರಲ್ಲಿ ಮಹಮ್ಮದ್ ಆದಿಲಶಾಹನ ಕಾಲಕ್ಕೆ ಮಾಡಿಸಿದ ಚಿನ್ನದ ಲೇಪದ ಕೆಲಸ, ನಿಜವಾದ ಗೂಡುಗಳಲ್ಲಿ ನಿಜವಾದ ಪುಸ್ತಕಗಳನ್ನಿಟ್ಟಂತೆ ಭ್ರಮೆ ಹುಟ್ಟಿಸುವ ಚಿತ್ರಣ ಇನ್ನೂ ಕಣ್ಣಿಗೆ ಹಬ್ಬವಾಗಿದೆ. ಅದೇ ಅರಸನು 1646ರ ಸುಮಾರಿಗೆ ಕಟ್ಟಿಸಿದ ಅಸಾರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲಿ ಹೂಗುಚ್ಛದ ಕಲಶಗಳೂ ಸ್ತ್ರೀಪುರುಷರ ಆಕೃತಿಗಳೂ ಇದ್ದವು. ಅವುಗಳಲ್ಲಿ ಯುರೋಪಿನ ಶೈಲಿಯ ಛಾಯೆಯನ್ನು ಅನೇಕರು ಗುರುತಿಸಿದ್ದಾರೆ. ಈಗ ಅವು ಬಹಳ ಮಾಸಿವೆ. ನಗರದ ಮೂಡಣ ದಿಕ್ಕಿನ ಕುಮಟಗಿಯ ಜಲಮಂಟಪಗಳಲ್ಲಿ ಚೆಂಡಾಟದ ಸವಾರರು, ಜಟ್ಟಿಗಳು, ಪರದೇಶಿ ಉಡುಗೆಯವರು ಚಿತ್ರಿತರಾಗಿದ್ದರು. 1916ರಲ್ಲಿ ಪ್ರಕಟವಾದ ತನ್ನ ಬಿಜಾಪುರದ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಅವುಗಳನ್ನು ವರ್ಣಿಸಿದ್ದಾನೆ. ಅವನು ಕಂಡಷ್ಟು ಇಂದು ನಾವು ಕಾಣಲಾರೆವು. ಮಳೆಯ ತೇವ ಗಾರೆಯೊಳಗಿನ ಲವಣವನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಬೇಸಿಗೆಯಲ್ಲಿ ಅದು ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ನೂಕಿ ಉದುರಿಸುತ್ತದೆ. ಅದು ಸಾಲದೆಂಬಂತೆ ನೋಡಲು ಬಂದವರು ಮೊಳೆಯಿಂದ ತಮ್ಮ ಹೆಸರುಗಳನ್ನು ಕೆತ್ತಿ ಹೋಗುತ್ತಾರೆ. ಬರೆದ ಚಿತ್ರಕಾರನ ಹೆಸರು ಗೋಡೆಯ ಮೇಲಿಲ್ಲ. ಕೆಡಿಸಿದವನ ಹೆಸರು ಊರು ಇಸವಿಯೊಡನೆ ಇದೆ.

ಗೋಡೆಯ ಚಿತ್ರವನ್ನು ಪರೀಕ್ಷಿಸುವಾಗ ವಿಜ್ಞಾನಿ ಆಗಲೇ ಬಿರುಕು ಬಿಟ್ಟ ಅಂಚಿನಿಂದ ಸೂಜಿಯ ಮೊನೆಯಷ್ಟು ತುಣುಕನ್ನು ಮಾತ್ರ ತೆಗೆದುಕೊಳ್ಳುತ್ತಾನೆ. ಅದನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ಅಡ್ಡವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾನೆ. ಆಗ ಅಡಿಯಲ್ಲಿ ಒರಟು ಗಾರೆ, ಅದರ ಮೇಲೆ ನುಣುಪಾದ ಸುಣ್ಣ, ಅನಂತರ ಮೊದಲ ಬಣ್ಣ, ಅದರ ಮೇಲಿನ ಎರಡನೆಯ ಬಣ್ಣ, ಕೊನೆಗೆ ಮುಂದಿನವರು ಬಳಿದ ಸುಣ್ಣ ಎಲ್ಲವೂ ಒಂದರ ಮೇಲೊಂದು ಗೆರೆಗಳಂತೆ ಕಾಣುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇದಕ್ಕಿಂತ ಖಚಿತವಾದ ದಾಖಲೆ ಮತ್ತೊಂದಿಲ್ಲ. ನೆಲಕ್ಕೆ ಉದುರಿ ಕಸಬರಿಗೆಯ ಪಾಲಾದ ಬಣ್ಣದ ಹಕ್ಕಳೆಯೊಳಗೂ ಈ ಗೆರೆಗಳೆಲ್ಲ ಹೀಗೆಯೇ ಇರುತ್ತವೆ; ಆದರೆ ಅದು ಯಾವ ಕುದುರೆಯ ಮೈಯಿಂದ, ಯಾವ ಜಟ್ಟಿಯ ತೋಳಿನಿಂದ ಬಿದ್ದಿತೆಂದು ಹೇಳುವವರಿರುವುದಿಲ್ಲ.